ಜ್ಯಾಕ್ ಡೇವಿಸ್ ಗೆರೆ: ನಕಲು ಮಾಡುತ್ತಾ ಕಲಿತದ್ದು

ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಡೇವಿಸ್ ಅವರನ್ನು ಮೆಚ್ಚಿದವರು ಅವರ ಚಿತ್ರ ನಕಲು ಮಾಡಲು ಕೂತರೆ ಕೈ ಮೊದಲು ಓಡುವುದು ಪ್ಯಾಂಟಿನ ಸುಕ್ಕಿಗೆ, ಕೆನ್ನೆಯ ಮೇಲೆ ನೆರಳು ತೋರಿಸಲು ಒತ್ತೊತ್ತಾಗಿ ಎಳೆದ ಗೆರೆಗಳಿಗೆ, ಅಂದರೆ ಹ್ಯಾಚಿಂಗ್‌ಗೆ, ತಲೆಯ ಸುತ್ತ ಚಿಮ್ಮುವ ಬೆವರಹನಿಗೆ. ಅದನ್ನೆಲ್ಲ ಎಷ್ಟು ಅಚ್ಚುಕಟ್ಟಾಗಿ ಇಳಿಸಿದರೂ ಚಿತ್ರ ಗಾಳಿ ಹೋದ ಬಲೂನಿನಂತೆ ಜೋತು ಬೀಳುತ್ತದೆ. ಡೇವಿಸ್ ಗೆರೆ ಸಡಿಲ, ಆದರೆ ಅದು ಕೂತಿರುವ ಮೈ ಗಟ್ಟಿ. ಅದಕ್ಕೇ ನಾನು ಅವರ ಪುಟಗಳನ್ನು ನಕಲು ಮಾಡುವ ಕ್ರಮ ಉಲ್ಟಾ: ಪಾದ ಮೊದಲು, ಸುಕ್ಕು ಕಟ್ಟಕಡೆಗೆ.

1924ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ ಡೇವಿಸ್ ನೌಕಾಪಡೆಯಲ್ಲಿದ್ದು ಬಂದು, ಜಾರ್ಜಿಯಾ ವಿಶ್ವವಿದ್ಯಾಲಯದಲ್ಲೂ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲೂ ಕಲಿತು, 1950ರ ದಶಕದ ಆರಂಭಕ್ಕೆ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಇ.ಸಿ. ಕಾಮಿಕ್ಸ್‌ನ ಕಾಯಂ ಕೈಯಾದರು. ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಎಂಬ ಹಾರರ್ ಪತ್ರಿಕೆಗೆ ಕೊಳೆತ ಹೆಣಗಳನ್ನು ಬಿಡಿಸಿದ ಕೈಯೇ 1952ರಲ್ಲಿ ಹಾಸ್ಯದ ‘ಮ್ಯಾಡ್’ನ ಮೊದಲ ಸಂಚಿಕೆಯ ಮೊದಲ ಕಥೆಯನ್ನೂ ಬಿಡಿಸಿತು. ಆ ಕಥೆ ಭೂತಬಂಗಲೆಯ ಅಣಕ. ಭಯದ ಕೆಲಸಕ್ಕೆ ಕಟ್ಟಿದ ಸಾಮಾನು ಹಾಗೆಯೇ ನಗುವಿನ ಕೆಲಸಕ್ಕೂ ಬಂತು. ಅವರಿಂದ ಕಲಿಯಲು ಹೊರಟವರು ಈ ಎರಡೂ ಬಗೆಯನ್ನು ಒಟ್ಟಿಗೇ ಅಭ್ಯಾಸ ಮಾಡಬೇಕು. ಒಂದನ್ನೇ ಹಿಡಿದರೆ ಇನ್ನೊಂದು ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ.

ನಕಲಿಗೆ ಯಾವ ಪ್ರತಿ ಇಟ್ಟುಕೊಳ್ಳುತ್ತೀರಿ ಎನ್ನುವುದು ಮುಖ್ಯ. ಆ ಕಾಲದ ಬಣ್ಣದ ಸಂಚಿಕೆಗಳು ಅಗ್ಗದ ಒರಟು ಕಾಗದದ ಮೇಲೆ ಅಚ್ಚಾದವು. ಶಾಯಿ ಹರಡಿ ಹ್ಯಾಚಿಂಗ್‌ನ ಸಂದುಗಳು ಮುಚ್ಚಿಹೋಗಿವೆ, ಸಣ್ಣ ಗೆರೆ ದಪ್ಪಗಾಗಿದೆ. ಅದನ್ನು ನೋಡಿ ಬಿಡಿಸಿದರೆ ಕಲಿಯುವುದು ಅಚ್ಚಿನ ಯಂತ್ರದ ಗೆರೆಯನ್ನು, ಡೇವಿಸ್ ಗೆರೆಯನ್ನಲ್ಲ. ಪ್ರಕಾಶಕ ಬಿಲ್ ಗೇನ್ಸ್ ಮೂಲ ಚಿತ್ರಗಳನ್ನು ಎಸೆಯದೆ ಕಾಪಾಡಿದ್ದರಿಂದ ಇ.ಸಿ. ಕಥೆಗಳ ಕಪ್ಪು-ಬಿಳುಪು ಮರುಮುದ್ರಣಗಳು ಚೊಕ್ಕವಾಗಿ ಬಂದಿವೆ. ಮೂಲ ಹಾಳೆಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಅದೇ ಅಳತೆಯಲ್ಲಿ ಅಚ್ಚು ಹಾಕಿದ ದೊಡ್ಡ ಪುಸ್ತಕಗಳೂ ಇವೆ. ಅವುಗಳಲ್ಲಿ ಬಿಳಿ ಬಣ್ಣದ ತಿದ್ದುಪಡಿ, ಅಳಿಸದೆ ಉಳಿದ ಪೆನ್ಸಿಲ್, ಕಪ್ಪು ತುಂಬಿದಲ್ಲಿ ಬ್ರಷ್ ಓಡಿದ ದಿಕ್ಕು ಎಲ್ಲವೂ ಕಾಣುತ್ತದೆ. ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ಅಳತೆಯ ವಿಷಯದಲ್ಲಿ ರಾಜಿ ಬೇಡ. 1950ರ ದಶಕದಲ್ಲಿ ಕಾಮಿಕ್ಸ್ ಪುಟವನ್ನು ಅಚ್ಚಿನ ಎರಡರಷ್ಟು ದೊಡ್ಡದಾಗಿ ಬಿಡಿಸುತ್ತಿದ್ದರು: ಚಿತ್ರದ ಜಾಗವೇ ಸುಮಾರು 12ರಿಂದ 13 ಇಂಚು ಅಗಲ, 18 ಇಂಚು ಎತ್ತರ. ಎ4 ಹಾಳೆಯಲ್ಲಿ ಆ ಪುಟ ನಕಲು ಮಾಡಿದರೆ ಮಣಿಕಟ್ಟು ಮಾತ್ರ ಆಡುತ್ತದೆ, ಗೆರೆ ಮುದುಡುತ್ತದೆ. ಡೇವಿಸ್ ಗೆರೆಯ ಬೀಸು ಮೊಣಕೈಯಿಂದ ಬರುವಂಥದ್ದು. ಪೂರ್ತಿ ಪುಟಕ್ಕೆ ಜಾಗವಿಲ್ಲದಿದ್ದರೆ ಒಂದೇ ಪ್ಯಾನೆಲ್ (ಪುಟದ ಒಂದು ಚಿತ್ರಚೌಕ) ಆರಿಸಿಕೊಂಡು ಮೂಲದ ಅಳತೆಗೆ ಹಿಗ್ಗಿಸಿ ಬಿಡಿಸಿ.

ಇ.ಸಿ.ಯ ಹಾರರ್ ಪುಟಗಳಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಆಲ್ ಫೆಲ್ಡ್‌ಸ್ಟೈನ್ ಸಂಪಾದಿಸಿದ ಕಥೆಗಳಲ್ಲಿ ಅಕ್ಷರಗಳನ್ನು ಲೆರಾಯ್ ಎಂಬ ಅಕ್ಷರದ ಅಚ್ಚುಪಟ್ಟಿಯಿಂದ ಮೊದಲೇ ಹಾಳೆಯ ಮೇಲೆ ಬರೆದಿರುತ್ತಿದ್ದರು. ಚಿತ್ರಕಾರನ ಕೈಗೆ ಬರುವಷ್ಟರಲ್ಲಿ ಎಷ್ಟೋ ಪ್ಯಾನೆಲ್‌ಗಳ ಮೇಲಿನ ಮೂರನೇ ಒಂದು ಭಾಗ ಮಾತಿಗೇ ಹೋಗಿರುತ್ತಿತ್ತು. ಉಳಿದ ಗಿಡ್ಡ ಜಾಗದಲ್ಲಿ ಆಳು ನೆಟ್ಟಗೆ ನಿಲ್ಲುವುದು ಕಷ್ಟ. ಡೇವಿಸ್ ಜನ ಗೂನು ಬೆನ್ನಿನಲ್ಲಿ, ಮಂಡಿ ಮಡಿಸಿ, ಕತ್ತು ಮುಂದೆ ಚಾಚಿ ನಿಂತಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಹಾರ್ವೆ ಕರ್ಟ್ಸ್‌ಮನ್ ಸಂಪಾದಿಸಿದ ಯುದ್ಧದ ಮತ್ತು ಹಾಸ್ಯದ ಕಥೆಗಳಲ್ಲಿ ಲೇಔಟ್ ಅನ್ನು ಅವರೇ ಕೊಡುತ್ತಿದ್ದರು, ಅಕ್ಷರವೂ ಕೈಬರಹದ್ದು. ಎರಡೂ ಬಗೆಯ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಡೇವಿಸ್ ಜೋಡಣೆ, ಯಾವುದು ಸಂಪಾದಕರದ್ದು ಎಂದು ಬೇಗ ಗೊತ್ತಾಗುತ್ತದೆ. ನಕಲು ಮಾಡುವಾಗ ಮಾತಿನ ಚೌಕವನ್ನು ಬಿಡಬೇಡಿ. ಮೊದಲು ಅದರ ಜಾಗ ಗುರುತಿಸಿ, ಆಮೇಲೆ ಮನುಷ್ಯನನ್ನು ಕೂರಿಸಿ.

ಇನ್ನು ಮೈ. ಹಾಸ್ಯದಲ್ಲಿ ಡೇವಿಸ್ ಮನುಷ್ಯ ಸುಮಾರು ನಾಲ್ಕು, ನಾಲ್ಕೂವರೆ ತಲೆಯಷ್ಟು ಎತ್ತರ: ದೊಡ್ಡ ತಲೆ, ಕಡ್ಡಿ ಕತ್ತು, ಸಣಕಲು ಕಾಲು, ಕಾಲಿನ ತುದಿಗೆ ದೋಣಿಯಷ್ಟು ಶೂ. ಹಾರರ್‌ನಲ್ಲಿ ಅದೇ ಮನುಷ್ಯ ಆರು, ಆರೂವರೆ ತಲೆಗೆ ಏರುತ್ತಾನೆ, ಆದರೆ ಕೈ ಮತ್ತು ಪಾದ ದೊಡ್ಡದಾಗಿಯೇ ಉಳಿಯುತ್ತವೆ. ನಾನು ಮೊದಲು ನೆಲದ ಗೆರೆ ಹಾಕಿ ಎರಡು ಪಾದ ಇಡುತ್ತೇನೆ. ಒಂದು ಪೂರ್ತಿ ಊರಿರುತ್ತದೆ, ಇನ್ನೊಂದರ ಹಿಮ್ಮಡಿ ಎತ್ತಿರುತ್ತದೆ. ಊರಿದ ಪಾದದಿಂದ ಸೊಂಟಕ್ಕೆ, ಅಲ್ಲಿಂದ ಬೆನ್ನಿಗೆ ಒಂದೇ ಬಾಗು. ತಲೆ ಆ ಬಾಗಿನ ತುದಿಯಲ್ಲಿ, ಸಾಮಾನ್ಯವಾಗಿ ಭುಜಕ್ಕಿಂತ ಮುಂದೆ. ಈ ಹಂತದಲ್ಲಿ ಕಣ್ಣು ಮೂಗು ಏನೂ ಇರಬಾರದು. ಆಕಾರಕ್ಕೆ ಕಪ್ಪು ತುಂಬಿದರೂ ಆಳು ಏನು ಮಾಡುತ್ತಿದ್ದಾನೆಂದು ತಿಳಿಯಬೇಕು. ತಿಳಿಯದಿದ್ದರೆ ಮುಂದೆ ಹೋಗಿ ಪ್ರಯೋಜನವಿಲ್ಲ, ಹ್ಯಾಚಿಂಗ್ ಅದನ್ನು ಉಳಿಸುವುದಿಲ್ಲ.

ಅಭಿಮಾನಿಗಳ ನಕಲುಗಳಲ್ಲಿ ಹೆಚ್ಚು ಕೆಡುವುದು ಕೈ. ಡೇವಿಸ್ ಕೈಯಲ್ಲಿ ಅಂಗೈ ಚೌಕ, ಬೆರಳ ಗಂಟು ಉಬ್ಬು, ಗಂಟುಗಳ ನಡುವೆ ಬೆರಳು ಸಣ್ಣ, ತುದಿ ಮತ್ತೆ ಅಗಲ. ನಾಲ್ಕು ಬೆರಳೂ ಒಂದೇ ದಿಕ್ಕಿಗೆ ಹೋಗುವುದು ಅಪರೂಪ, ಕಿರುಬೆರಳು ಬಹುಪಾಲು ಬೇರೆಯೇ ಕಡೆ ನೋಡುತ್ತಿರುತ್ತದೆ. ಅಂಗೈ ಚೌಕ ಹಾಕಿ, ನಾಲ್ಕು ಗಂಟುಗಳನ್ನು ಕಮಾನಾಗಿ ಗುರುತಿಸಿ, ಕಿರುಬೆರಳನ್ನು ಮೊದಲು ಬಿಡಿಸಿದರೆ ಉಳಿದವು ತಾವಾಗಿ ಸಾಲುಗೂಡುತ್ತವೆ.

ಇಂಕಿಂಗ್‌ಗೆ (ಪೆನ್ಸಿಲ್ ಗೆರೆಯ ಮೇಲೆ ಇಂಕು ಎಳೆಯಲು) ನನ್ನ ಸಾಮಾನು: ಎರಡು ಪ್ಲೈ ಬ್ರಿಸ್ಟಲ್ ಬೋರ್ಡ್, 3ನೇ ನಂಬರಿನ ಸೇಬಲ್ ಬ್ರಷ್, ಹಂಟ್ 102 ನಿಬ್ಬು, ನೀರು ತಾಗಿದರೆ ಹರಡದ ಇಂಡಿಯಾ ಇಂಕ್, ತಿದ್ದಲು ಬಿಳಿ ಗೌಶ್ (ಕೆಳಗಿನದು ಕಾಣದಂತೆ ಮುಚ್ಚುವ ನೀರುಬಣ್ಣ). ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಒರೆಸದೆ ಅದ್ದಿದರೆ ಇಂಕು ಮಣಿಗಟ್ಟಿ, ಆಮೇಲೆ ಹಾಳೆಯ ಮೇಲೆ ಒಮ್ಮೆಲೇ ಸುರಿಯುತ್ತದೆ. ಸೋಪು ನೀರಲ್ಲಿ ಉಜ್ಜಿ ಒಣಗಿಸಿಕೊಳ್ಳಿ. ಬ್ರಷ್ಷನ್ನು ಕೂದಲಿನ ಅರ್ಧಕ್ಕಿಂತ ಹೆಚ್ಚು ಅದ್ದಬೇಡಿ. ಲೋಹದ ಕೊರಳೊಳಗೆ ಇಂಕು ಸೇರಿ ಗಟ್ಟಿಯಾದರೆ ಕೂದಲು ಕವಲೊಡೆದು ಒಂದು ಗೆರೆಯ ಜಾಗದಲ್ಲಿ ಎರಡು ಬೀಳುತ್ತವೆ. ಕಾಲು ಗಂಟೆಗೊಮ್ಮೆ ತೊಳೆಯುವ ಅಭ್ಯಾಸವಿದ್ದರೆ ಒಳ್ಳೆಯ ಬ್ರಷ್ ಬಹಳ ಕಾಲ ಬಾಳುತ್ತದೆ.

ಹೊರಗೆರೆ, ದೊಡ್ಡ ಸುಕ್ಕು, ಕಪ್ಪು ತುಂಬುವುದು ಎಲ್ಲ ಬ್ರಷ್ಷಿನ ಕೆಲಸ. ಮುಖದ ಸಣ್ಣ ಗೆರೆ, ಹಲ್ಲು, ಉಗುರು, ಹಿಂದಿನ ಗೋಡೆ ನಿಬ್ಬಿನದ್ದು. ಕಪ್ಪನ್ನು ಹ್ಯಾಚಿಂಗ್‌ಗೆ ಮೊದಲೇ ತುಂಬಿಬಿಡಿ. ಕಪ್ಪು ಕೂತ ಮೇಲೆ ಎಷ್ಟು ಹ್ಯಾಚಿಂಗ್ ಬೇಕಿಲ್ಲ ಎನ್ನುವುದು ಗೊತ್ತಾಗುತ್ತದೆ. ಮೊದಲೇ ಹ್ಯಾಚಿಂಗ್ ಹಾಕಿದವರ ಪುಟವೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಸುಕ್ಕು ಎಲ್ಲಿಂದಲೋ ಬರುವುದಿಲ್ಲ. ಬಟ್ಟೆ ಎಳೆಯುವ ಜಾಗ ಇದ್ದೇ ಇರುತ್ತದೆ: ಮಡಿಸಿದ ಮಂಡಿ, ಮೊಣಕೈ, ಕಂಕುಳು, ತೊಡೆಸಂದು, ಹಾಕಿದ ಗುಂಡಿ. ಗೆರೆ ಅಲ್ಲಿ ಸಣ್ಣಗೆ ಹುಟ್ಟಿ, ನಡುವೆ ಉಬ್ಬಿ, ಕೊನೆಗೆ ಕೊಕ್ಕೆಯಾಗಿ ತಿರುಗಿ ನಿಲ್ಲುತ್ತದೆ. ಆ ಕೊಕ್ಕೆಯ ಒಳಬದಿಗೆ ಮಾತ್ರ ಮೂರು ನಾಲ್ಕು ಹ್ಯಾಚ್ ಗೆರೆ. ಪ್ಯಾಂಟಿನ ತುದಿ ಶೂ ಮೇಲೆ ಗುಪ್ಪೆಯಾಗಿ ಬಿದ್ದಿರುವುದು ಡೇವಿಸ್ ಚಿತ್ರಗಳಲ್ಲಿ ಪದೇಪದೇ ಕಾಣುತ್ತದೆ. ಅಲ್ಲಿ ಸುಕ್ಕು ಅಡ್ಡಡ್ಡ, ಮಂಡಿಯ ಹತ್ತಿರ ಓರೆ. ಈ ದಿಕ್ಕು ತಪ್ಪಿದರೆ ಕಾಲು ಕೊಳವೆಯಾಗುತ್ತದೆ.

ಹ್ಯಾಚಿಂಗ್‌ಗೆ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಎರಡರಷ್ಟು ದೊಡ್ಡದಾಗಿ ಬಿಡಿಸಿದಾಗ ಗೆರೆಗಳ ನಡುವೆ ಕನಿಷ್ಠ 1 ಮಿ.ಮೀ. ಸಂದು ಬೇಕು, ಅರ್ಧಕ್ಕೆ ಇಳಿಸಿದಾಗ ಅದು ಅರ್ಧ ಮಿ.ಮೀ. ಉಳಿಯುತ್ತದೆ. ಅದಕ್ಕಿಂತ ಒತ್ತಾದರೆ ಅಚ್ಚಿನಲ್ಲಿ ಕೂಡಿಕೊಂಡು ಮಸಿಯಾಗುತ್ತದೆ. ಮೊದಲ ಪದರ ಪೂರ್ತಿ ಒಣಗಿದ ಮೇಲೆ ಎರಡನೆಯದು, ನೆಟ್ಟನೆ ಕತ್ತರಿಯಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಮೂರನೇ ಪದರ ಬೇಕೆನಿಸಿದರೆ ಆ ಜಾಗ ಕಪ್ಪಾಗಬೇಕಿತ್ತು ಎಂದೇ ಅರ್ಥ.

ನಗುವಿನಿಂದ ಭಯಕ್ಕೆ ದಾಟುವುದನ್ನು ಕಲಿಯಲು ಒಂದೇ ಭಂಗಿಯನ್ನು ಎರಡು ಸಲ ಇಂಕ್ ಮಾಡುತ್ತೇನೆ, ಬೆಚ್ಚಿಬಿದ್ದ ಮನುಷ್ಯ ಇದಕ್ಕೆ ಅನುಕೂಲ. ಹಾಸ್ಯಕ್ಕೆ: ಬೆಳಕು ಎದುರಿನಿಂದ, ಹೊರಗೆರೆ ತುಂಡಾಗದೆ ಸುತ್ತುತ್ತದೆ, ಕಣ್ಣಗುಡ್ಡೆ ಸುತ್ತಲೂ ಬಿಳಿಯಿರುವ ಸಣ್ಣ ಚುಕ್ಕೆ, ಬೆವರು ದುಂಡು ಹನಿಯಾಗಿ ಹೊರಗೆ ಹಾರುತ್ತದೆ. ಹಾರರ್‌ಗೆ: ಬೆಳಕು ಕೆಳಗಿನಿಂದ, ಹುಬ್ಬಿನ ಮೇಲೆ, ಮೂಗಿನ ಮೇಲ್ಬದಿಗೆ ನೆರಳು, ಹೊರಗೆರೆ ಅಲ್ಲಲ್ಲಿ ಕಡಿದು ಕಪ್ಪಿನಲ್ಲಿ ಮುಳುಗುತ್ತದೆ, ಬೆವರು ಚರ್ಮಕ್ಕಂಟಿ ಕೆಳಗಿಳಿಯುತ್ತದೆ, ಹ್ಯಾಚಿಂಗ್ ಕೂಡ ಕೆಳಮುಖ. ಮೂಳೆ, ಬಾಯಿ, ಭಂಗಿ ಎರಡರಲ್ಲೂ ಒಂದೇ. ಹೆಣದ ಕೊಳೆತ ಚರ್ಮಕ್ಕೆ ಡ್ರೈಬ್ರಷ್: ಅದ್ದಿದ ಬ್ರಷ್ಷನ್ನು ಚೂರು ಕಾಗದದ ಮೇಲೆ ಒರೆಸಿ, ಕೂದಲು ಹರಡುವಂತೆ ಒತ್ತಿ ಎಳೆಯುವುದು. ಇದಕ್ಕೆ ಹಳೆಯ ಬ್ರಷ್ ಇಟ್ಟುಕೊಳ್ಳಿ, ಒಳ್ಳೆಯದು ಒಂದೇ ಪುಟಕ್ಕೆ ಹಾಳಾಗುತ್ತದೆ.

ಎರಡೂ ಗುಣ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬೇಕಾದರೆ ‘ದ ಹಾಂಟ್ ಆಫ್ ಫಿಯರ್’ 19ನೇ ಸಂಚಿಕೆಯ (1953) ‘ಫೌಲ್ ಪ್ಲೇ’ ಕಥೆಯ ಕೊನೆಯ ಪುಟ ತೆಗೆಯಿರಿ. ನಡುರಾತ್ರಿಯ ಬೇಸ್‌ಬಾಲ್ ಆಟ: ಕರುಳು ಮೈದಾನದ ಗೆರೆ, ತಲೆ ಚೆಂಡು, ಕಾಲು ಬ್ಯಾಟು. ಮನೋವೈದ್ಯ ಫ್ರೆಡ್ರಿಕ್ ವರ್ದಮ್ 1954ರ ತಮ್ಮ ಪುಸ್ತಕದಲ್ಲಿ ಕಾಮಿಕ್ಸ್ ವಿರುದ್ಧ ಸಾಕ್ಷಿಯಾಗಿ ತೋರಿಸಿದವುಗಳಲ್ಲಿ ಇದೂ ಒಂದು. ಗಾಬರಿ ಆಮೇಲಿರಲಿ, ಮೊದಲು ಆಟಗಾರರನ್ನು ನೋಡಿ. ಎಸೆಯುವವನು, ಬ್ಯಾಟು ಹಿಡಿದವನು, ಹಿಂದೆ ಕುಕ್ಕರಿಸಿದವನು, ಎಲ್ಲರೂ ನಿಜವಾದ ಆಟದವರಂತೆಯೇ ಭಾರ ಹಾಕಿ ನಿಂತಿದ್ದಾರೆ. ಮುಂದೆ ದಶಕಗಳ ಕಾಲ ಕ್ರೀಡೆಯ ಚಿತ್ರಗಳನ್ನು ಬಿಡಿಸಿದ ಕೈ ಅದು. ಮೈಯ ಲೆಕ್ಕ ಇಷ್ಟು ಸರಿಯಿರುವುದರಿಂದಲೇ ಆ ಪುಟ ಹೊಟ್ಟೆ ತೊಳಸುವಷ್ಟು ಹತ್ತಿರ ಬರುತ್ತದೆ, ಜೊತೆಗೆ ನಗುವೂ ಬರುತ್ತದೆ. ಕರುಳಿನ ವಿವರ ಬಿಟ್ಟು ಬರೀ ಆಟಗಾರರನ್ನು ಕಪ್ಪು ಆಕಾರಗಳಾಗಿ ನಕಲು ಮಾಡಿ ನೋಡಿ.

ಜನಜಂಗುಳಿ ಇದಕ್ಕಿಂತ ಕಷ್ಟ. 1963ರ ‘ಇಟ್ಸ್ ಎ ಮ್ಯಾಡ್, ಮ್ಯಾಡ್, ಮ್ಯಾಡ್, ಮ್ಯಾಡ್ ವರ್ಲ್ಡ್’ ಚಿತ್ರದ ಪೋಸ್ಟರ್‌ನಿಂದ ಈಚೆಗೆ ಡೇವಿಸ್ ಎಂದರೆ ಜನರ ರಾಶಿ ಎನ್ನುವಂತಾಯಿತು. ಒಬ್ಬೊಬ್ಬರನ್ನೇ ಬಿಡಿಸುತ್ತಾ ಹೋದರೆ ಮೂಲೆ ಸೇರುವಷ್ಟರಲ್ಲಿ ಜಾಗ ಸಾಲುವುದಿಲ್ಲ. ಇಡೀ ಗುಂಪಿಗೆ ಒಂದು ಹೊರ ಆಕಾರ ಹಾಕಿ, ದೊಡ್ಡ ಮೂರು ನಾಲ್ಕು ಜನರನ್ನು ಕೂರಿಸಿ, ಉಳಿದವರನ್ನು ಸಂದುಗಳಲ್ಲಿ ತುರುಕಬೇಕು. ಕಪ್ಪು ಕೋಟಿನ ಹಿಂದೆ ಬಿಳಿ ಅಂಗಿ, ಬಿಳಿ ಅಂಗಿಯ ಹಿಂದೆ ಕಪ್ಪು ಕೂದಲು ಹೀಗೆ ಹಂಚಿದರೆ ಮಾತ್ರ ಒಬ್ಬರಿಂದೊಬ್ಬರು ಬಿಡಿಬಿಡಿಯಾಗಿ ಕಾಣುತ್ತಾರೆ.

ಮುಗಿದ ಮೇಲೆ 600 ಡಿಪಿಐನಲ್ಲಿ ಗ್ರೇಸ್ಕೇಲ್ ಸ್ಕ್ಯಾನ್ ಮಾಡಿ. ನೇರ ಕಪ್ಪು-ಬಿಳುಪಿಗೆ ಹೋದರೆ ಡ್ರೈಬ್ರಷ್‌ನ ಅರೆಗೆರೆಗಳು ಮೊದಲು ಮಾಯವಾಗುತ್ತವೆ. ಥ್ರೆಶೋಲ್ಡ್ (ಯಾವುದು ಕಪ್ಪು, ಯಾವುದು ಬಿಳಿ ಎನ್ನುವ ಗಡಿ) ಆಮೇಲೆ, ಡ್ರೈಬ್ರಷ್ ಇರುವ ಜಾಗ ನೋಡಿಕೊಂಡು ಹೊಂದಿಸಿ. ಅರ್ಧ ಅಳತೆಗೆ ಇಳಿಸಿ ಪ್ರಿಂಟ್ ತೆಗೆದು ಮರುಮುದ್ರಣದ ಪುಟದ ಪಕ್ಕ ಇಡಿ. ಹ್ಯಾಚಿಂಗ್ ಎಲ್ಲಿ ಹೆಚ್ಚಾಗಿದೆ ಎನ್ನುವುದು ಆಗ ಕಣ್ಣಿಗೆ ರಾಚುತ್ತದೆ. ಮೂಲೆಯಲ್ಲಿ ‘ಡೇವಿಸ್ ಚಿತ್ರದ ನಕಲು’ ಎಂದು ಇಂಕಿನಲ್ಲೇ ಬರೆದು ಕೆಳಗೆ ನಿಮ್ಮ ಹೆಸರು ಹಾಕಿ. ಅವರ ಸಹಿಯನ್ನು ಮಾತ್ರ ನಕಲು ಮಾಡಬೇಡಿ.