ಜೆಮ್‌ಸಿಟಬೈನ್‌ಗೆ ಬಗ್ಗದ ಕೋಶಗಳ ಮೇಲೆ ಹೊಸ ನ್ಯೂಕ್ಲಿಯೊಸೈಡ್‌ಗಳು: ನನ್ನ ಅನುಭವ

ಶ್ವಾಸಕೋಶದ ಕ್ಯಾನ್ಸರ್ ಕೋಶವನ್ನು ಹೊಸ ನ್ಯೂಕ್ಲಿಯೊಸೈಡ್ (ಡಿಎನ್‌ಎಯ ಘಟಕಗಳನ್ನು ಹೋಲುವ) ಸಂಯುಕ್ತ ಕೊಲ್ಲುತ್ತದೆಯೇ ಎಂದು ನೋಡುವ ಮೊದಲು, ಇದೇ ಬಗೆಯ ಹಳೆಯ ಕ್ಯಾನ್ಸರ್ ಔಷಧವಾದ ಜೆಮ್‌ಸಿಟಬೈನ್‌ಗೆ ಅದು ಯಾಕೆ ಸಾಯುತ್ತಿಲ್ಲ ಎಂಬುದು ಗೊತ್ತಿರಬೇಕು. ನನ್ನ ಪರೀಕ್ಷೆಗಳನ್ನೆಲ್ಲ ಈ ಪ್ರಶ್ನೆಯ ಮೇಲೆಯೇ ಕಟ್ಟಿದೆ.

ಬಳಸಿದ್ದು ಎ549 ಕೋಶಗಳನ್ನು. 58 ವರ್ಷದ ರೋಗಿಯೊಬ್ಬರ ಶ್ವಾಸಕೋಶದ ಗೆಡ್ಡೆಯಿಂದ 1972ರಲ್ಲಿ ಪಡೆದ ತಳಿ ಅದು. ಜೆಮ್‌ಸಿಟಬೈನ್ ಪ್ರಮಾಣವನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸುತ್ತ ಅದರಿಂದಲೇ ಒಂದು ನಿರೋಧಕ ತಳಿಯನ್ನು ಬೆಳೆಸಿಕೊಂಡೆ.

ಈ ಔಷಧವನ್ನು ಇಎನ್‌ಟಿ1 ಎಂಬ ಸಾಗಣೆ ಪ್ರೋಟೀನ್ ಕೋಶದೊಳಗೆ ಬಿಡಬೇಕು. ಆಮೇಲೆ ಡಿಆಕ್ಸಿಸೈಟಿಡಿನ್ ಕೈನೇಸ್ ಎಂಬ ಕಿಣ್ವ ಅದಕ್ಕೆ ಮೊದಲ ಫಾಸ್ಫೇಟ್ ಅಂಟಿಸಬೇಕು. ಇಲ್ಲದಿದ್ದರೆ ಒಳಗಿದ್ದೂ ಅದು ನಿಷ್ಕ್ರಿಯ. ಪ್ರೋಟೀನ್ ಎಷ್ಟಿದೆ ಎಂದು ಪಟ್ಟಿಗಳಲ್ಲಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನನ್ನ ನಿರೋಧಕ ಕೋಶಗಳ ಕೈನೇಸ್ ಪಟ್ಟಿ ತೀರ ಮಸುಕಾಗಿ ಕಂಡಿತು. ಅಂದಮೇಲೆ ಇದೇ ಕಿಣ್ವವನ್ನು ನೆಚ್ಚಿಕೊಂಡ ಸಂಯುಕ್ತ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಸೋಲುವುದು ಖಚಿತ. ಮೊದಲ ಫಾಸ್ಫೇಟನ್ನು ಮುಚ್ಚಿಟ್ಟುಕೊಂಡೇ ಒಳಹೋಗುವ ಪ್ರೋಟೈಡ್ ಮಾದರಿಯವುಗಳ ಮೇಲೆ ಹಾಗಾಗಿ ನನಗೆ ಆಸೆಯಿತ್ತು.

ಬೆಳೆಸುತ್ತಿರುವ ಕೋಶಗಳಿಗೆ ಸೋಂಕಬಹುದಾದ ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ಮಾತ್ರ ಎಂದೂ ಬಿಡಬೇಡಿ. ಕೆಲವು ಮೈಕೊಪ್ಲಾಸ್ಮಾಗಳಲ್ಲಿ ಜೆಮ್‌ಸಿಟಬೈನನ್ನು ಒಡೆಯುವ ಸೈಟಿಡಿನ್ ಡಿಅಮಿನೇಸ್ ಎಂಬ ಕಿಣ್ವ ಇದೆ. ಕೋಶದಲ್ಲಿಲ್ಲದ ನಿರೋಧಕತೆಯನ್ನು ಈ ಸೋಂಕು ಡಿಶ್‌ನಲ್ಲಿ ಸೃಷ್ಟಿಸಬಲ್ಲದು. ಬೇರೆ ಔಷಧಗಳ ಪರೀಕ್ಷೆಗಿಂತ ನ್ಯೂಕ್ಲಿಯೊಸೈಡ್‌ಗಳ ಪರೀಕ್ಷೆಯಲ್ಲಿ ಇದು ಹೆಚ್ಚು ಅಪಾಯಕಾರಿ.

96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿನಲ್ಲಿ ಎರಡೂ ತಳಿಗಳನ್ನು ಅಕ್ಕಪಕ್ಕ ಹಾಕಿದೆ. ಅಂಚಿನ ವೆಲ್‌ಗಳು ಬೇಗ ಆರುವುದರಿಂದ ಅಲ್ಲಿ ಬರೀ ಬಫರ್. ಸಂಯುಕ್ತವಿಲ್ಲದ ವೆಲ್‌ಗಳಿಗೂ ಅಷ್ಟೇ ಡಿಎಂಎಸ್‌ಒ (ಸಂಯುಕ್ತಗಳನ್ನು ಕರಗಿಸಿದ ದ್ರಾವಕ). ಕಾಯುವುದು 72 ಗಂಟೆ. ಈ ಬಗೆಯ ಔಷಧಗಳು ಮುಖ್ಯವಾಗಿ ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ಹೊಡೆಯುತ್ತವೆ, ಎ549 ದ್ವಿಗುಣವಾಗಲು ಹತ್ತಿರಹತ್ತಿರ ಒಂದು ದಿನ ಬೇಕು. 24 ಗಂಟೆಗೇ ಅಳೆದರೆ ಒಳ್ಳೆಯ ಸಂಯುಕ್ತವೂ ಕೆಲಸಕ್ಕೆ ಬಾರದ್ದೆಂದು ಕಾಣಬಹುದು.

ಜೀವಂತ ಕೋಶಗಳಲ್ಲಿ ನೇರಳೆಯಾಗುವ ಎಂಟಿಟಿ ಎಂಬ ವಸ್ತುವನ್ನು ಹಾಕಿ, ಬಣ್ಣವನ್ನು 570 ನ್ಯಾನೊಮೀಟರ್‌ನಲ್ಲಿ ಓದಿದೆ. ಆದರೆ ಎಂಟಿಟಿ ಅಳೆಯುವುದು ಕೋಶದ ಚಯಾಪಚಯವನ್ನು, ಸಾವನ್ನಲ್ಲ. ವಿಭಜನೆ ನಿಲ್ಲಿಸಿ ಉಬ್ಬಿಕೊಂಡು ಕುಳಿತ ಕೋಶವೂ ನೇರಳೆ ಬಣ್ಣ ಕೊಡುತ್ತದೆ. ಭರವಸೆ ಮೂಡಿಸಿದ ಪ್ರತಿ ಸಂಯುಕ್ತಕ್ಕೂ ಕಾಲೊನಿ ಪರೀಕ್ಷೆ ಮಾಡಿದ್ದು ಅದಕ್ಕೇ. ಔಷಧ ತೆಗೆದ ಮೇಲೆ ಎಷ್ಟು ಕೋಶಗಳು ಮತ್ತೆ ಸಂಸಾರ ಹೂಡುತ್ತವೆ ಎಂದು ತೋರಿಸುವ ಈ ಪರೀಕ್ಷೆಯ ಮೇಲೆ ನನಗೆ ಹೆಚ್ಚು ನಂಬಿಕೆ.

ಬಹುಪಾಲು ಸಂಯುಕ್ತಗಳು ಮೂಲ ತಳಿಯನ್ನು ಕೊಂದು ನಿರೋಧಕ ತಳಿಯ ಮುಂದೆ ಸೋತವು. ಮೂಲ ತಳಿಗೆ ಡಿಆಕ್ಸಿಸೈಟಿಡಿನ್ (ಆ ಕೈನೇಸ್ ಸಹಜವಾಗಿ ಫಾಸ್ಫೇಟ್ ಅಂಟಿಸುವ ಅಣು) ಸೇರಿಸಿ ಕೊಟ್ಟಾಗ ಅವುಗಳ ವಿಷ ಇಳಿಯಿತು. ಅವೂ ಅದೇ ಕೈನೇಸನ್ನು ಅವಲಂಬಿಸಿವೆ ಎನ್ನುವುದಕ್ಕೆ ಇದು ಬಲವಾದ ಸುಳಿವು. ಫಾಸ್ಫೇಟ್ ಮುಚ್ಚಿಟ್ಟ ಕೆಲವು ಮಾತ್ರ ಎರಡೂ ತಳಿಗಳ ಮೇಲೆ ಒಂದೇ ತೆರನಾಗಿ ಕೆಲಸ ಮಾಡಿದವು. ಅವುಗಳಲ್ಲಿ ಅತಿ ಪ್ರಬಲವಾದದ್ದು ಎಂಆರ್‌ಸಿ-5 ಎಂಬ ಸಹಜ ಶ್ವಾಸಕೋಶದ ಕೋಶಗಳನ್ನೂ ಅಷ್ಟೇ ಸುಲಭವಾಗಿ ಕೊಂದಿತು. ಅದನ್ನು ಕೈಬಿಟ್ಟೆ. ಉಳಿದವು ಈಗ ಗೋಳಾಕಾರದ ಮೂರು ಆಯಾಮದ ಕೋಶಗುಚ್ಛಗಳ ಮೇಲೆ ಪರೀಕ್ಷೆಯಲ್ಲಿವೆ.