ಚೀಟಿ ಎತ್ತಿ ಕವಿತೆ ಓದುವ ಭಾನುವಾರ

ರಾಯಚೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ರಸೀದಿ ಪುಸ್ತಕ, ಕಾಲೇಜು ಹುಡುಗರ ಪ್ರಾಜೆಕ್ಟು, ಅದರ ಜೊತೆ ಕವನ ಸಂಕಲನ. ಈ ಕೊನೆಯದು ಎಷ್ಟು ಬರುತ್ತದೆ ಅಂದರೆ ನೀವು ನಂಬಲಿಕ್ಕಿಲ್ಲ. ಮೇಷ್ಟ್ರು, ಕಂಡಕ್ಟರು, ರೈತರು, ನರ್ಸು, ಎಲ್ಲರ ಚೀಲದಲ್ಲೂ ಒಂದು ನೋಟ್‌ಬುಕ್ ಇರುತ್ತದೆ. ನಾನು ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರೆ ಅವರು ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಾರೆ. "ಹ್ಯಾಂಗದ ರೀ?" ಎಂದು ಮೆಲ್ಲಗೆ ಕೇಳುತ್ತಾರೆ. 500 ಪ್ರತಿ ಅಚ್ಚಾಗುತ್ತದೆ. ನೂರು ಹಂಚಿಕೆಯಾಗುತ್ತದೆ. ಉಳಿದದ್ದು ಮಂಚದ ಕೆಳಗೆ. ಎಷ್ಟೋ ಪುಸ್ತಕಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದವನು ನಾನೊಬ್ಬನೇ ಇರಬೇಕು ಅಂತ ಒಂದೊಂದು ಸಲ ಅನ್ನಿಸುತ್ತದೆ. ಅದೂ ದುಡ್ಡು ತಗೊಂಡು!

ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಯೂ ನನ್ನ ಹತ್ತಿರವೇ ಬರುತ್ತದೆ. ಒಮ್ಮೆ ಒಂದು ಕವಿಗೋಷ್ಠಿಯ ಕಾರ್ಡು ಮಾಡುವಾಗ ಸುಮ್ನೆ ಎಣಿಸಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ನಿರೂಪಣೆ, ವಂದನಾರ್ಪಣೆ ಎಲ್ಲ ಸೇರಿ 23 ಹೆಸರು. ಆಮೇಲೆ 32 ಕವಿಗಳು. ಹತ್ತೂವರೆಗೆ ಅಂತ ಹಾಕಿದ್ದ ಕಾರ್ಯಕ್ರಮ ಶುರುವಾದದ್ದು ಹನ್ನೆರಡೂ ಕಾಲಿಗೆ. ಭಾಷಣ ಮುಗಿಸಿದ ಅತಿಥಿಗಳು ಇನ್ನೊಂದು ಕಾರ್ಯಕ್ರಮ ಇದೆ ಅಂತ ಎದ್ದರು. ಓದಿದ ಕವಿ ಶಾಲು ಹೊದ್ದುಕೊಂಡು, ಫೋಟೊ ತೆಗೆಸಿಕೊಂಡು, ಹಾಗೆಯೇ ಚಪ್ಪಲಿ ಮೆಟ್ಟಿದ. ಕೊನೆಯಲ್ಲಿ ಒಬ್ಬ ಹುಡುಗಿ ಓದಿದಳು. ಕೇಳುತ್ತಿದ್ದವರು ನಾಲ್ವರು. ಒಬ್ಬ ಶಾಮಿಯಾನದವನು, ಇನ್ನೊಬ್ಬ ನಾನು. ನಾನೂ ಕೂತಿದ್ದು ಕಾರ್ಡಿನ ಬಾಕಿ ಬರಬೇಕಿತ್ತು ಅಂತ.

ಇದು ರಾಯಚೂರಿಗೆ ಸಾಹಿತ್ಯ ಗೊತ್ತಿಲ್ಲದ ಮಾತಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ಆಗಿದೆ. 2016ರ ಡಿಸೆಂಬರಿನಲ್ಲಿ 82ನೇ ಸಮ್ಮೇಳನ ಆದಾಗ ನೋಟು ರದ್ದಾಗಿ ಒಂದು ತಿಂಗಳೂ ಆಗಿರಲಿಲ್ಲ. ಕೈಯಲ್ಲಿ ಚಿಲ್ಲರೆ ಇಲ್ಲದ ಕಾಲ, ಆದರೂ ಪುಸ್ತಕದ ಮಳಿಗೆ ಮುಂದೆ ಜನ. ಬರೆಯುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಕೂತು ಕೇಳುವುದಕ್ಕೆ ಮಾತ್ರ ನಾವು ಜಾಗ ಮಾಡಿಲ್ಲ ಅಂತ ನನಗೆ ಅನ್ನಿಸಿತು.

ಹಾಗಾಗಿ ಅಂಗಡಿಯ ಮಾಳಿಗೆ ಮೇಲೆ ತಿಂಗಳ ಎರಡನೇ ಭಾನುವಾರ ಸಂಜೆ ಸೇರೋಣ ಅಂತ ಹತ್ತು ಹದಿನೈದು ಜನಕ್ಕೆ ಹೇಳಿದೆ. ಹನ್ನೊಂದು ಜನ ಬಂದರು. ಮೈಕ್ ಇಲ್ಲ, ವೇದಿಕೆ ಇಲ್ಲ, ಜಮಖಾನ ಮಾತ್ರ. ನಮ್ಮೂರ ಬೇಸಿಗೆ ಗೊತ್ತಲ್ಲ, ಸೂರ್ಯ ಮುಳುಗಿದ ಮೇಲೂ ಮಾಳಿಗೆ ಕಾದ ಹಂಚಿನ ಹಾಗೆ ಇರುತ್ತದೆ. ನಾಲ್ಕು ಗಂಟೆಗೇ ಎರಡು ಸಲ ನೀರು ಹೊಡೆದು ಬಿಡುತ್ತಿದ್ದೆ. ಏಳೂವರೆಗೆ ಮುಗಿಸಲೇಬೇಕು. ಹಳ್ಳಿಯಿಂದ ಬರುವವರಿಗೆ ಕೊನೆಯ ಬಸ್ ತಪ್ಪಿದರೆ ಅವರು ಮುಂದಿನ ತಿಂಗಳು ಬರುವುದಿಲ್ಲ. ಇದನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು.

ಓದಿದವರು ಎದ್ದು ಹೋಗುವ ರೋಗಕ್ಕೆ ಒಂದು ಬಿಸ್ಕತ್ ಡಬ್ಬಿ ಮದ್ದಾಯಿತು. ಬಂದವರೆಲ್ಲ ಹೆಸರು ಬರೆದ ಚೀಟಿ ಅದರಲ್ಲಿ ಹಾಕಬೇಕು. ಒಬ್ಬರದು ಮುಗಿದ ಮೇಲೆಯೇ ಮುಂದಿನ ಚೀಟಿ ಎತ್ತುವುದು. ತನ್ನ ಸರದಿ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾರೂ ಏಳುವುದಿಲ್ಲ. ಸಮಯಕ್ಕೆ ಆರೋ ಏಳೋ ಚೀಟಿ ಆಗುತ್ತವೆ. ಉಳಿದದ್ದು ಮುಂದಿನ ತಿಂಗಳಿಗೆ ಡಬ್ಬಿಯಲ್ಲೇ ಇರುತ್ತದೆ. ಹೆಸರು ಬರದೆ ಹೋದವರು ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಆದರೆ ಅವರೇ ತಪ್ಪದೆ ಬಂದರು. ಚೀಟಿ ಒಳಗಿದೆಯಲ್ಲ!

ಮೊದಮೊದಲು ನಾನೊಂದು ದೊಡ್ಡ ತಪ್ಪು ಮಾಡಿದೆ. ಅಂಗಡಿಯವನ ಬುದ್ಧಿ, ಓದುವ ಕವಿತೆಗಳನ್ನೆಲ್ಲ ಟೈಪ್ ಮಾಡಿ, ಜೆರಾಕ್ಸ್ ತೆಗೆದು, ಎಲ್ಲರ ಕೈಗೂ ಕೊಟ್ಟೆ. ಚೆಂದ ಕಾಣುತ್ತಿತ್ತು. ಆದರೆ ಎಲ್ಲರ ಕಣ್ಣೂ ಹಾಳೆಯ ಮೇಲೆ. ಕವಿ ಎರಡನೇ ಸಾಲಿನಲ್ಲಿದ್ದರೆ ಇವರು ಕೊನೆಯ ಸಾಲಿಗೆ ಹೋಗಿ ಕಾಯುತ್ತಿದ್ದರು. ಓದು ಮುಗಿದ ಕೂಡಲೇ ಶುರು: ಇಲ್ಲಿ ಅಲ್ಪಪ್ರಾಣ ಆಗಬೇಕು, ಅಲ್ಲಿ ಒತ್ತು ತಪ್ಪಿದೆ. ಅರ್ಧ ಗಂಟೆ ಕಾಗುಣಿತದ ಪಂಚಾಯ್ತಿ. ಮೂರನೇ ತಿಂಗಳಿಗೆ ಹಾಳೆ ನಿಲ್ಲಿಸಿದೆ. ಬದಲಿಗೆ ಪ್ರತಿ ಕವಿತೆಯನ್ನೂ ಎರಡು ಸಲ ಓದಬೇಕು ಅಂತ ಮಾಡಿದೆವು. ಓದುವ ಮೊದಲು ಕವಿ ಏನೂ ವಿವರಿಸುವಂತಿಲ್ಲ. ಎರಡನೇ ಓದು ಮುಗಿದ ಮೇಲೆ ಕೇಳಿದವರು ತಮಗೆ ನೆನಪು ಉಳಿದ ಸಾಲನ್ನು ಹೇಳಬೇಕು. "ಚೆನ್ನಾಗಿದೆ" ಅನ್ನುವ ಹಾಗಿಲ್ಲ. ಸಾಲನ್ನೇ ಹೇಳಬೇಕು.

ಇದು ಕಟುವಾದ ಪರೀಕ್ಷೆ. ಒಬ್ಬ ಹಿರಿಯರ ಕವಿತೆಗೆ ಹದಿನಾಲ್ಕು ಜನ ತೆಪ್ಪಗೆ ಕೂತುಬಿಟ್ಟರು. ಒಂದು ಸಾಲೂ ಯಾರಿಗೂ ನೆನಪಿಗೆ ಬರಲಿಲ್ಲ. ಅವರು ಮತ್ತೆ ಬರಲಿಲ್ಲ. ಆ ದಿನದ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ. ಈಗ ಯಾರಿಗೂ ಏನೂ ಹೊಳೆಯದಿದ್ದರೆ ನಾನೇ ಒಂದು ಪದವನ್ನಾದರೂ ಹಿಡಿದು ಮಾತು ತೆಗೆಯುತ್ತೇನೆ.

ಎರಡು ಸಲ ಓದುವುದಕ್ಕೆ ಜೀವ ಬಂದದ್ದು ಚಾಚಾ ಬಂದ ಮೇಲೆ. ಉರ್ದು ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು, ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಮೊದಲ ದಿನವೇ ಕೇಳಿದರು, "ನೀವು ಹಿಂಗ ಸುಮ್ಮ ಕುಂತ್ರ ಶಾಯರಿ ಓದಾಂವ ಹ್ಯಾಂಗ ಓದಬೇಕ್ರಿ?" ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಕೇಳುಗನಿಗೂ ಕೆಲಸ ಇರುತ್ತದೆ. ಕವಿ ಮೊದಲ ಸಾಲು ಹೇಳಿ ನಿಲ್ಲುತ್ತಾನೆ. ಕೇಳುಗರು ಅದನ್ನು ಎತ್ತಿಕೊಂಡು ತಿರುಗಿ ಹೇಳುತ್ತಾರೆ. ಅವನು ಮತ್ತೆ ಅದೇ ಸಾಲು ಹೇಳಿ, ಕಾಯಿಸಿ, ಎರಡನೆಯದನ್ನು ಬಿಡುತ್ತಾನೆ. ಹಿಡಿಸಿದರೆ "ಮುಕರ್ರರ್" ಅನ್ನುತ್ತಾರೆ, ಮತ್ತೊಮ್ಮೆ ಅಂತ. ನಮ್ಮವರ ಬಾಯಿಗೆ ಅದು ಹೊರಳಲಿಲ್ಲ. ಒಬ್ಬ ಥಟ್ಟನೆ "ಒನ್ಸ್ ಮೋರ್!" ಅಂದ. ಕಂಪನಿ ನಾಟಕ ನೋಡಿ ಬೆಳೆದವರಲ್ವಾ ನಾವು. ಅವತ್ತಿನಿಂದ ಮಾಳಿಗೆಯ ಮೇಲೆ ಅದೇ ರೂಢಿ. ತತ್ವಪದದ ಭಜನೆಯಲ್ಲೂ ಇದೇ ಅಲ್ಲವೇ? ಹೇಳುವವನು ಒಬ್ಬ, ಪಲ್ಲವಿ ಎತ್ತಿಕೊಳ್ಳುವವರು ಊರವರು. ಹೊಸದೇನೂ ಮಾಡಬೇಕಾಗಿರಲಿಲ್ಲ ನಾವು.

ಗಜಲ್ ಕಮ್ಮಟ ಮಾಡೋಣ ಅನ್ನಿಸಿದ್ದೂ ಚಾಚಾ ಇದ್ದದ್ದರಿಂದಲೇ. ಕನ್ನಡ ಗಜಲಿಗೆ ರಾಯಚೂರು ತವರಿದ್ದ ಹಾಗೆ. ಉರ್ದು ಬಲ್ಲ ಶಾಂತರಸರು ಇಲ್ಲಿ ಅದರ ದಾರಿ ಹಾಕಿಕೊಟ್ಟರು, ಮುಕ್ತಾಯಕ್ಕ ಅವರಂಥವರು ಬರೆದರು. ಆದರೆ ನನ್ನ ಅಂಗಡಿಗೆ ಬರುವ ಗಜಲುಗಳಲ್ಲಿ ಸಾಕಿ (ಮದ್ಯ ಸುರಿದು ಕೊಡುವವಳು), ಮಧುಬಟ್ಟಲು, ಸಖಿ, ಗೋರಿ ಇವಿಷ್ಟೇ ಸುತ್ತುತ್ತಿದ್ದವು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಮುಗಿಸಿ ಬರುವವನ ಗಜಲಿನಲ್ಲೂ ಸಾಕಿ! ಕಮ್ಮಟದ ಮೊದಲ ನಿಯಮ ಎಂದೇ ಬೋರ್ಡಿನ ಮೇಲೆ ಬರೆದೆವು: ಇವತ್ತು ಸಾಕಿಗೆ ರಜೆ.

ಕಟ್ಟು ಹೀಗೆ. ಪ್ರತಿ ಜೋಡಿ ಸಾಲು ಒಂದು ಶೇರ್. ಕೊನೆಗೆ ಬದಲಾಗದೆ ಬರುವ ಮಾತು ರದೀಫ್. ಅದರ ಹಿಂದೆ ಪ್ರಾಸದಲ್ಲಿ ಬರುವುದು ಕಾಫಿಯಾ. ಮೊದಲ ಶೇರ್, ಅಂದರೆ ಮತ್ಲಾದಲ್ಲಿ, ಎರಡೂ ಸಾಲಿನಲ್ಲಿ ಇವೆರಡೂ ಇರಬೇಕು. ಆಮೇಲಿನವುಗಳಲ್ಲಿ ಎರಡನೇ ಸಾಲಿಗಿದ್ದರೆ ಸಾಕು. ಕನಿಷ್ಠ ಐದು ಶೇರ್ ಅನ್ನುವುದು ವಾಡಿಕೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ರದೀಫ್ ಸಲೀಸು. ತೊಡಕು ಕಾಫಿಯಾದ್ದು. ನಮ್ಮ ಹಳೆಯ ಪ್ರಾಸ ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರಕ್ಕೆ ಇರುತ್ತಿತ್ತು. ಕೊನೆಯಲ್ಲಿ ಪ್ರಾಸ ಅಂದರೆ ನಮ್ಮವರು ಬಂದನು, ಹೋದನು, ನಿಂತನು ಅಂತ ಪ್ರತ್ಯಯವನ್ನೇ ಜೋಡಿಸಿ ಮುಗಿಸಿಬಿಡುತ್ತಾರೆ. ಅದಕ್ಕೆ "ನು"ವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೆವು. ಪದದ ಒಡಲಲ್ಲೇ ಪ್ರಾಸ ಇರಬೇಕು.

ಲಿಂಗಸುಗೂರು ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಅಕ್ಕ ತಮ್ಮ ಮತ್ಲಾ ಓದಿದರು. ರದೀಫ್ "ಉಳಿದಿದೆ ನೋಡು".

ಬಾವಿ ಬತ್ತಿದರೂ ಕಲ್ಲಿನ ಮೇಲೆ ಹಗ್ಗದ ಗುರುತು ಉಳಿದಿದೆ ನೋಡು
ಗುಳೆ ಹೋದವರ ಮನೆಯ ಮೂಲೆಯಲಿ ಕಟ್ಟಿಗೆ ಹೊರೆ ಉಳಿದಿದೆ ನೋಡು

ಮಾಳಿಗೆ ತುಂಬ ಒನ್ಸ್ ಮೋರ್. ಚಾಚಾ ಮಾತ್ರ ಕಣ್ಣು ಮುಚ್ಚಿಕೊಂಡೇ ಇದ್ದರು. "ಭಾಳ ಚಂದದ ಬೇಟಾ. ಆದ್ರ ಕಾಫಿಯಾ ಹೋಗ್ಯದಲ್ಲ" ಅಂದರು. ಹೊರೆ ಇದೆ, ಗುರುತು ಇದೆ, ಎರಡಕ್ಕೂ ನಂಟಿಲ್ಲ. ನಾವೆಲ್ಲ ಅರ್ಥದ ಗುಂಗಿನಲ್ಲಿ ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಅಕ್ಕ ಹೊರೆಯನ್ನು ಬಿಡಲು ಒಪ್ಪಲಿಲ್ಲ. ಸೀಮೆಸುಣ್ಣ ತಗೊಂಡು ಬೋರ್ಡಿನ ಮೇಲೆ ಪಟ್ಟಿ ಹಾಕಿದೆವು: ಕರೆ, ತೆರೆ, ಮೊರೆ, ನೊರೆ, ಬರೆ. ಅವರೇ ಮೆಲ್ಲಗೆ "ಗೆರೆ" ಅಂದರು. ಹಗ್ಗದ ಗೆರೆ ಉಳಿದಿದೆ ನೋಡು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೀಳುವುದು ಗೆರೆಯೇ ತಾನೆ? ಪ್ರಾಸಕ್ಕಾಗಿ ಹುಡುಕಿದ ಪದ ಕಣ್ಣಿಗೂ ಸರಿಯಾಗಿ ಕೂತಿತು. ಆ ಹತ್ತು ನಿಮಿಷಕ್ಕೆ ಇಡೀ ಕಮ್ಮಟದ ಖರ್ಚು ವಸೂಲಾಯಿತು ಅಂತ ನನ್ನ ಲೆಕ್ಕ.

ಇನ್ನೊಂದು ಕಮ್ಮಟ ಕೋಟೆಯಲ್ಲಿ ಮಾಡಿದೆವು. ನಮ್ಮ ಕೋಟೆ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ, ಕಾಕತೀಯರ ಕಾಲದ್ದು. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆಯುತ್ತಿರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ದಿನಾ ಬಸ್‌ಸ್ಟ್ಯಾಂಡಿಗೆ ಓಡಾಡುವ ನಮ್ಮವರಲ್ಲಿ ಅರ್ಧ ಜನ ಅದನ್ನು ನೋಡಿರಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ನೋಡುವುದು, ಆಮೇಲೆ ಹತ್ತು ಸಾಲು ಬರೆಯುವುದು. ಭವ್ಯ, ದಿವ್ಯ, ವೈಭವ, ಇತಿಹಾಸ ಈ ನಾಲ್ಕು ಪದ ಬಂದರೆ ಹಾಳೆ ವಾಪಸ್. ಪಿಯುಸಿ ಹುಡುಗನೊಬ್ಬ ಬರೆದಿದ್ದ: ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ, ಎಳೆದ ಕೋಣಕ್ಕೆ ಹೆಸರಿಲ್ಲ, ನಮ್ಮಜ್ಜ ತನ್ನ ಎತ್ತಿಗೆ ಹೆಸರಿಟ್ಟಿದ್ದ. ಕಾರಹುಣ್ಣಿಮೆಗೆ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ಕಂಡ ಊರು ಇದು. ಎಲ್ಲರೂ ಒಂದು ಗಳಿಗೆ ಸುಮ್ಮನಾದರು.

ಕಲಾವಿದರ ಮಾತುಕತೆಯಲ್ಲಿ ಮೊದಲು ಮುಗ್ಗರಿಸಿದ್ದು ನಾನೇ. ಕೊಪ್ಪಳದ ಹತ್ತಿರದ ಕಿನ್ನಾಳದಿಂದ ಮರದ ಗೊಂಬೆ ಮಾಡುವ ಒಬ್ಬ ಚಿತ್ರಗಾರರನ್ನು ಕರೆಸಿದ್ದೆ. ಪ್ರೊಜೆಕ್ಟರು ಬಾಡಿಗೆಗೆ ತಂದು, ಕುರ್ಚಿ ಹಾಕಿ, "ನಿಮ್ಮ ಕಲೆಯ ಬಗ್ಗೆ ಮಾತಾಡ್ರಿ" ಅಂದೆ. ಅವರು ಎದ್ದು ನಾಲ್ಕು ಮಾತು ಹೇಳಿ, "ನನಗ ಮಾತು ಬರಂಗಿಲ್ರಿ, ಕೆಲಸ ಬರ್ತದ" ಎಂದು ಕೂತುಬಿಟ್ಟರು. ಅಷ್ಟರಲ್ಲಿ ಕರೆಂಟೂ ಹೋಯಿತು. ಅದೇ ಒಳ್ಳೆಯದಾಯಿತು. ಎಮರ್ಜೆನ್ಸಿ ಲೈಟ್ ಹಚ್ಚಿ, ಅವರು ತಂದಿದ್ದ ಚೀಲವನ್ನು ಜಮಖಾನದ ಮೇಲೆ ಬಿಚ್ಚಿಸಿದೆವು. ಅರ್ಧ ಆದ ಗರುಡ, ಹಗುರ ಮರದ ತುಂಡು, ಹುಣಸೆಬೀಜದ ಅಂಟು, ಕಟ್ಟಿಗೆ ಹೊಟ್ಟು, ಗೋಣಿಚೀಲದ ನಾರು. ಅಂಟನ್ನು ಬೆರಳ ತುದಿಯಲ್ಲಿ ಹಿಡಿದು ಎಳೆ ಬರುತ್ತದೋ ಇಲ್ಲವೋ ನೋಡುತ್ತಾ ಕೈ ಶುರುವಾಯಿತು. ಕೈ ಶುರುವಾದ ಮೇಲೆ ಬಾಯಿಯೂ ಶುರುವಾಯಿತು. ಚಿನ್ನದ ಹಾಗೆ ಹೊಳೆಯುವ ಬಣ್ಣ ಚಿನ್ನವಲ್ಲ, ತವರದಿಂದ ಮಾಡುವ ಲಾಜವಾರ ಅಂದರು. ಒಂದೂವರೆ ಗಂಟೆ ಮಾತಾಡಿದರು. ಆವತ್ತು ಕೊನೆಯ ಬಸ್ ತಪ್ಪಿಸಿಕೊಂಡ ಮೂವರು ನಮ್ಮ ಮನೆಯಲ್ಲೇ ಮಲಗಿದರು, ಯಾರೂ ಬೈಯಲಿಲ್ಲ. ಈಗ ಯಾರನ್ನೇ ಕರೆದರೂ ಹೇಳುವುದು ಒಂದೇ: ಭಾಷಣ ಬೇಡ, ನಿಮ್ಮ ಕೆಲಸದ ಸಾಮಾನು ತನ್ನಿ, ಅರ್ಧಕ್ಕೆ ನಿಂತ ಕೆಲಸ ಒಂದಿರಲಿ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಮಂಡಾಳು ಒಗ್ಗರಣೆ, ಮಿರ್ಚಿ, ಚಹಾ ಸೇರಿ ತಿಂಗಳಿಗೆ ಸಾವಿರ ರೂಪಾಯಿಯೊಳಗೆ ಆಗುತ್ತದೆ. ಬಂದವರು ಡಬ್ಬಿಗೆ ಇಪ್ಪತ್ತು, ಮೂವತ್ತು ಹಾಕುತ್ತಾರೆ. ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಇಲ್ಲ. ಹೊರಗಿನಿಂದ ಕರೆಸಿದವರಿಗೆ ಬಸ್‌ಚಾರ್ಜು ಮತ್ತು ಸಂಭಾವನೆ ಕವರಿನಲ್ಲಿ ಹಾಕಿ, ಅವರು ಚಹಾ ಕುಡಿಯುವಾಗಲೇ, ಕಾರ್ಯಕ್ರಮಕ್ಕೆ ಮುಂಚೆಯೇ ಕೊಟ್ಟುಬಿಡುತ್ತೇನೆ. ಬಾಕಿಗಾಗಿ ಕೊನೆಯವರೆಗೆ ಕೂತು ನನಗೆ ಗೊತ್ತಲ್ಲ!

ಲಿಂಗಸುಗೂರಿನ ಅಕ್ಕನ ಗಜಲ್ ಇನ್ನೂ ನಾಲ್ಕು ಶೇರಿಗೇ ನಿಂತಿದೆ. ಐದನೆಯದನ್ನು ಅವರು ವಾಟ್ಸಾಪಿನಲ್ಲಿ ಧ್ವನಿ ಮಾಡಿ ಕಳಿಸುತ್ತಾರೆ, ನಾನು ಅಂಗಡಿ ಮುಚ್ಚಿ ಹೋಗುವಾಗ ಚಾಚಾ ಮನೆ ಮುಂದೆ ಗಾಡಿ ನಿಲ್ಲಿಸಿ ಕೇಳಿಸುತ್ತೇನೆ. ಈವರೆಗೆ ಆರು ಸಲ ಕೇಳಿ ಆರು ಸಲವೂ ತಲೆ ಅಲ್ಲಾಡಿಸಿದ್ದಾರೆ. ಮೊನ್ನೆ ಏಳನೆಯದು ಬಂತು. ಚಾಚಾ ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನು ವಾಪಸ್ ಕೊಡಲಿಲ್ಲ. "ಒನ್ಸ್ ಮೋರ್" ಅಂದರು.