ಮೈಕ್ರೋ ಕ್ಯಾಂಟಿಲಿವರ್ ನಡುಕ: ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹೇಗೆ?

ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ ಸಿಲಿಕಾನ್‌ನ ಪುಟ್ಟ ಪಟ್ಟಿಯೊಂದಿರುತ್ತದೆ. ಒಂದು ತುದಿ ಬಿಗಿ, ಇನ್ನೊಂದು ತುದಿ ಖಾಲಿ. ಇದೇ ಕ್ಯಾಂಟಿಲಿವರ್. ಅದರ ನಡುಕ ಲೆಕ್ಕ ಹಾಕಲು ದುಬಾರಿ ಸಾಫ್ಟ್‌ವೇರೇ ಆಗಬೇಕೆಂದಿಲ್ಲ. ಉಚಿತವಾಗಿ ಸಿಗುವ ಕ್ಯಾಲ್ಕುಲಿಕ್ಸ್ ಸಾಕು.

ಮೊದಲು ಪೆನ್ನು, ಕಾಗದ. ಉದ್ದ 200 ಮೈಕ್ರೋಮೀಟರ್, ಅಗಲ 30, ದಪ್ಪ 2 ಎಂದಿಟ್ಟುಕೊಳ್ಳಿ. ಯಂಗ್ಸ್ ಮಾಡ್ಯುಲಸ್ಸನ್ನು (ವಸ್ತುವಿನ ಬಿಗುವಿನ ಅಳತೆ, ಇಲ್ಲಿ 169 ಗಿಗಾಪಾಸ್ಕಲ್) ಸಾಂದ್ರತೆಯಿಂದ (ಘನ ಮೀಟರಿಗೆ 2330 ಕೆ.ಜಿ.) ಭಾಗಿಸಿ ವರ್ಗಮೂಲ ತೆಗೆಯಿರಿ. ಅದನ್ನು ದಪ್ಪದಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಿ, ಕೊನೆಗೆ 0.1615ರಿಂದ ಗುಣಿಸಿ. ಸುಮಾರು 69 ಕಿಲೋಹರ್ಟ್ಜ್ ಬರುತ್ತದೆ. ಪಟ್ಟಿ ತಾನಾಗಿ ನಡುಗುವ ಮೊದಲ ಫ್ರೀಕ್ವೆನ್ಸಿ ಇದೇ. ಅಗಲ ಲೆಕ್ಕಕ್ಕೇ ಬರಲಿಲ್ಲ, ನೋಡಿ! ಈ ಸಂಖ್ಯೆ ಕೈಯಲ್ಲಿಲ್ಲದೆ ಕಂಪ್ಯೂಟರ್ ಮುಂದೆ ಕೂರಬೇಡಿ. ಬಣ್ಣಬಣ್ಣದ ಚಿತ್ರ ತಪ್ಪು ಉತ್ತರಕ್ಕೂ ಅಷ್ಟೇ ಚೆನ್ನಾಗಿ ಬರುತ್ತದೆ.

ಇನ್ನು ಯೂನಿಟ್. ಕ್ಯಾಲ್ಕುಲಿಕ್ಸ್‌ಗೆ ಮೀಟರೂ ಗೊತ್ತಿಲ್ಲ, ಮೈಕ್ರೋಮೀಟರೂ ಗೊತ್ತಿಲ್ಲ. ಅಳತೆಯನ್ನು ಮೈಕ್ರೋಮೀಟರ್, ಕೆ.ಜಿ., ಸೆಕೆಂಡಿನಲ್ಲಿ ಕೊಟ್ಟರೆ ಮಾಡ್ಯುಲಸ್ ಮೆಗಾಪಾಸ್ಕಲ್‌ನಲ್ಲಿರಬೇಕು, ಅಂದರೆ 169000. ಸಾಂದ್ರತೆ ಘನ ಮೈಕ್ರೋಮೀಟರಿಗೆ 2.33e-15 ಕೆ.ಜಿ. ಸುಮ್ನೆ 2330 ಎಂದು ಟೈಪ್ ಮಾಡಿದರೆ ಉತ್ತರ ಎಲ್ಲೋ ಹೋಗಿಬಿಡುತ್ತದೆ. ಸಿಲಿಕಾನ್ ಹರಳಾದ್ದರಿಂದ ಮಾಡ್ಯುಲಸ್ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. 169 ಇರುವುದು ಹರಳಿನ 110 ಎಂಬ ದಿಕ್ಕಿನಲ್ಲಿ. 100 ದಿಕ್ಕಿನಲ್ಲಿ ಅದು 130ಕ್ಕೆ ಇಳಿಯುತ್ತದೆ.

ಬುಡದ ಮುಖದ ಎಲ್ಲ ನೋಡ್‌ಗಳನ್ನೂ (ಮಾಡೆಲ್‌ನ ಲೆಕ್ಕದ ಬಿಂದುಗಳು) ಮೂರೂ ದಿಕ್ಕಿನಲ್ಲಿ ಬಿಗಿಯಿರಿ.

ಲೆಕ್ಕಕ್ಕಾಗಿ ಪಟ್ಟಿಯನ್ನು ಪುಟ್ಟ ತುಂಡುಗಳಾಗಿ ಒಡೆಯಬೇಕು. ತುಂಡು ಎಂದರೆ ಎಲಿಮೆಂಟ್, ಅವುಗಳ ಜಾಲವೇ ಮೆಶ್. ಮೆಶ್‌ಗೆ 20 ನೋಡ್‌ಗಳ ಎಲಿಮೆಂಟ್ ಬಳಸಿ. ಸಾದಾ 8 ನೋಡ್‌ನದ್ದು ಇಂಥ ತೆಳು ಪಟ್ಟಿ ಬಾಗುವಾಗ ಇಲ್ಲದ ಬಿಗುವು ತೋರಿಸಿ ಫ್ರೀಕ್ವೆನ್ಸಿಯನ್ನು ಏರಿಸಿಬಿಡುತ್ತದೆ. ಉದ್ದಕ್ಕೆ 40, ಅಗಲಕ್ಕೆ 6, ದಪ್ಪಕ್ಕೆ 2 ಎಲಿಮೆಂಟ್ ಇಟ್ಟು ಓಡಿಸಿ. ಆಮೇಲೆ ಎಲ್ಲವನ್ನೂ ದುಪ್ಪಟ್ಟು ಮಾಡಿ ಮತ್ತೆ ಓಡಿಸಿ. ಉತ್ತರ ಅಲ್ಲಾಡಬಾರದು.

ಈಗ ಫ್ರೀಕ್ವೆನ್ಸಿ ಪಟ್ಟಿ ನೋಡಿ. ಮೊದಲ ಆರೂ ಸೊನ್ನೆಯ ಹತ್ತಿರ ಇದ್ದರೆ ಬುಡ ಬಿಗಿದಿಲ್ಲ ಎಂದರ್ಥ. ಸರಿಯಿದ್ದರೆ ಮೊದಲನೆಯದು 69ರ ಆಸುಪಾಸು, ಎರಡನೆಯದು ಅದರ 6.27 ಪಟ್ಟು, ಸುಮಾರು 431 ಕಿಲೋಹರ್ಟ್ಜ್. ಶೇ 4ರೊಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಇಲ್ಲಿ ಕಾಣುವ ತುದಿಯ ಚಲನೆ ನಿಜವಾದ ಅಳತೆಯಲ್ಲ, ಬರೀ ಆಕಾರ. ಅದನ್ನೇ ವರದಿಯಲ್ಲಿ ಬರೆಯುವವರಿದ್ದಾರೆ!

ಕಷ್ಟ ಇರುವುದು ಡ್ಯಾಂಪಿಂಗ್‌ನಲ್ಲಿ, ಅಂದರೆ ನಡುಕ ತಗ್ಗುವುದರಲ್ಲಿ. ಗಾಳಿ ಪಟ್ಟಿಯ ಶಕ್ತಿಯನ್ನು ಕದಿಯುತ್ತಲೇ ಇರುತ್ತದೆ. ಅದು ಎಷ್ಟು ಎಂಬುದು ನಾವು ಮಾಡಿದ ಮಾಡೆಲ್‌ನಲ್ಲಿಲ್ಲ, ನಾವೇ ಕೊಡಬೇಕು. ಕ್ವಾಲಿಟಿ ಫ್ಯಾಕ್ಟರ್ (ಹೆಚ್ಚಿದ್ದಷ್ಟೂ ಶಕ್ತಿಯ ನಷ್ಟ ಕಡಿಮೆ) 300 ಎಂದು ಹಿಡಿದರೆ ಡ್ಯಾಂಪಿಂಗ್ ರೇಶಿಯೊ 1/600, ಅಂದರೆ 0.00167. ಫ್ರೀಕ್ವೆನ್ಸಿ ಬದಲಿಸುತ್ತಾ ಹೋದಾಗ ನಡುಕ ಜೋರಾಗುವ ಜಾಗವೇ ಶಿಖರ. ಆಗ ಅದರ ಅಗಲ ಬರೀ 230 ಹರ್ಟ್ಜ್. 1000 ಹರ್ಟ್ಜ್ ಹೆಜ್ಜೆಯಲ್ಲಿ ಹುಡುಕಿದರೆ ಅದು ಕೈತಪ್ಪುವುದೇ ಜಾಸ್ತಿ. ಸಿಕ್ಕ ಫ್ರೀಕ್ವೆನ್ಸಿಯ ಆಚೀಚೆ 20 ಹರ್ಟ್ಜ್ ಹೆಜ್ಜೆಯಿಡಿ. ನಿರ್ವಾತದಲ್ಲಿ ಶಿಖರ ಇನ್ನೂ ಎಷ್ಟೋ ಪಟ್ಟು ಚೂಪು, ಹೆಜ್ಜೆಯೂ ಅಷ್ಟೇ ಚಿಕ್ಕದಿರಬೇಕು.

ಕೊನೆಯದು ದಪ್ಪ. ತಯಾರಿಕೆಯಲ್ಲಿ ಅದು ಸರಿಯಾಗಿ 2 ಬರುವುದಿಲ್ಲ, ಅಲ್ವಾ? 1.9, 2, 2.1 ಮೂರಕ್ಕೂ ಓಡಿಸಿ. ಕೈಲೆಕ್ಕದ ಪ್ರಕಾರ 65ರಿಂದ 72 ಕಿಲೋಹರ್ಟ್ಜ್‌ವರೆಗೆ ಹರಡುತ್ತದೆ. ಮೂರನ್ನೂ ವರದಿಗೆ ಹಾಕಿ, ದಶಾಂಶದ ಬಾಲವನ್ನು ಕತ್ತರಿಸಿ.